ಸಡಗರದಕ್ಕನ ಹೊಟ್ಟೆಹಬ್ಬ

ಆ ಲಾಂಡ್ರಿಯಲ್ಲಿ ಯಾರು ಬಸುರಿಯಾದರೂ ಮೊದಲು ಗೊತ್ತಾಗುತ್ತಿದ್ದುದು ಸಡಗರದಕ್ಕನಿಗೆ. ಗಂಡನಿಗಿಂತ ಮೊದಲು, ಅತ್ತೆಗಿಂತ ಮೊದಲು, ಕೆಲವು ಸಲ ಬಸುರಿಗಿಂತಲೂ ಮೊದಲು ಎಂದು ಹೆಂಗಸರು ಆಡಿಕೊಳ್ಳುತ್ತಿದ್ದರು. ಸ್ವಲ್ಪ ಉಪ್ಪುಖಾರ ಹಚ್ಚಿದ ಮಾತು ಅನ್ನಿ. ಆದರೂ ಯೋಚನೆ ಮಾಡಿ, ಅವರದು ಆಸ್ಪತ್ರೆಗಳಿಂದ, ಹೋಟೆಲುಗಳಿಂದ ಬಂದ ಬೆಡ್‌ಶೀಟುಗಳನ್ನು ಒಗೆದು ಒಣಗಿಸಿ ಮಡಿಸುವ ಕೆಲಸ. ದೊಡ್ಡ ಶೀಟನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು ಹಿಡಿದು ಕೊಡವಿ, ಎದುರುಬದುರು ನಡೆದು ಬಂದು ತುದಿಗೆ ತುದಿ ಸೇರಿಸಬೇಕು. ಬೆಳಗಿನಿಂದ ಸಂಜೆಯವರೆಗೆ ಹೀಗೆ ಮುಖದ ಹತ್ತಿರಕ್ಕೆ ಮುಖ ತರುವವರ ನಡುವೆ ಗುಟ್ಟು ಎಲ್ಲಿ ಉಳಿಯುತ್ತದೆ?

ಅವಳಿಗೆ ಆ ಹೆಸರು ಬಂದದ್ದೂ ಬಸುರಿಯರಿಂದಲೇ. ಬಹಳ ವರ್ಷಗಳ ಹಿಂದೆ, ಅವಳಿನ್ನೂ ಹೊಸಬಳಾಗಿದ್ದಾಗ, ಒಬ್ಬ ಹುಡುಗಿ ಹೆರಿಗೆ ರಜೆಗೆ ಹೊರಟಳು. ತವರಿನಲ್ಲಿ ಯಾರೂ ಇರಲಿಲ್ಲ, ಕಳಿಸಿಕೊಡುವವರೂ ಇರಲಿಲ್ಲ. ಇವಳು ನಾಲ್ಕು ಜನರನ್ನು ಸೇರಿಸಿ, ಮಡಿಸುವ ಕೋಣೆಯ ಉದ್ದನೆಯ ಮೇಜಿನ ಮೇಲೆ ಚಹಾ, ಬನ್ನು ಇಟ್ಟು, ಹುಡುಗಿಯ ಕಣ್ಣು ಮುಚ್ಚಿ ಕರೆತಂದಳು. ಹುಡುಗಿ ಕಣ್ಣು ಬಿಟ್ಟಾಗ ಅವಳ ಮುಖ ಅರಳಿದ್ದನ್ನು ಕಂಡು ಇವಳಿಗೆ ಅದರದ್ದೇ ಹುಚ್ಚು ಹಿಡಿಯಿತು. ಅಂದಿನಿಂದ ಯಾರು ರಜೆಗೆ ಹೊರಟರೂ ಕೊನೆಯ ಶನಿವಾರ ಒಂದು ಕೂಟ. ಬಾಯ್ಲರ್ ನೋಡಿಕೊಳ್ಳುವ ಬಾಯ್ಲರಣ್ಣ ಅದಕ್ಕೆ ಹೊಟ್ಟೆಹಬ್ಬ ಎಂದು ಹೆಸರಿಟ್ಟ. ‘ಬಸುರಿಗೆ ಒಂದು ಹೊಟ್ಟೆ, ನಮಗೆ ಒಂದು ಹೊಟ್ಟೆ, ಎರಡಕ್ಕೂ ಹಬ್ಬ’ ಎಂಬುದು ಅವನ ಅರ್ಥ.

ಮೊದಮೊದಲು ಬಣ್ಣದ ಕಾಗದದ ತೋರಣ ಕಟ್ಟುತ್ತಿದ್ದರು. ಒಂದು ಸಲ ಕೆಂಪು ಕಾಗದದ ಸರವೊಂದು ಹೇಗೋ ಬಟ್ಟೆಯ ಮೂಟೆಯೊಳಗೆ ಸೇರಿ, ಯಂತ್ರದೊಳಗೆ ಹೋಗಿ, ಒಂದಿಡೀ ವಾರ್ಡಿನ ಶೀಟುಗಳು ಗುಲಾಬಿ ಬಣ್ಣವಾಗಿ ಹೊರಬಂದವು. ಸೂಪರ್‌ವೈಸರಮ್ಮ ಒಂದು ಶೀಟನ್ನು ಎತ್ತಿ ಹಿಡಿದು, ‘ಗಂಡಸರ ವಾರ್ಡಿಗೂ ಹೊಟ್ಟೆಹಬ್ಬ ಮಾಡಿದ್ದೀರಲ್ಲ’ ಅಂದಿದ್ದು ಇವತ್ತಿಗೂ ಅಲ್ಲಿ ಗಾದೆಯಂತೆ ಓಡಾಡುತ್ತದೆ. ಆಮೇಲೆ ಬಣ್ಣದ ಮಾತೇ ಇಲ್ಲ. ದಿಂಬಿನ ಕವರುಗಳ ತೋರಣ, ಟವೆಲ್ ಸುತ್ತಿ ಮಾಡಿದ ಹಂಸ, ಮೊಲ, ಆನೆಮರಿ, ಎಲ್ಲವೂ ಹಾಲಿನಂತೆ ಬಿಳಿ. ಸೋಮವಾರ ಬಿಚ್ಚಿ ಮತ್ತೆ ಕೆಲಸಕ್ಕೆ.

ಇವೆಲ್ಲಕ್ಕಿಂತ ಸಡಗರದಕ್ಕನಿಗೆ ಮುಖ್ಯವಾದದ್ದು ಒಂದಿತ್ತು. ಬಸುರಿಗೆ ಕೊನೇ ಗಳಿಗೆಯವರೆಗೆ ಏನೂ ಗೊತ್ತಾಗಬಾರದು. ಇಡೀ ಲಾಂಡ್ರಿಗೆ ಹೊಟ್ಟೆಹಬ್ಬದ ಪದ್ಧತಿ ಗೊತ್ತಿದ್ದ ಮೇಲೆ ಬಸುರಿ ಎದುರು ನೋಡದೆ ಇರುತ್ತಾಳೆಯೇ? ಅದಕ್ಕೆ ಅವಳು ಕಂಡುಕೊಂಡ ಉಪಾಯ ಮುನಿಸಿನ ತಿಂಗಳು. ಕೊನೆಯ ತಿಂಗಳಲ್ಲಿ ಯಾರೂ ಬಸುರಿಯ ಜೊತೆ ಹೆಚ್ಚು ಮಾತಾಡುವಂತಿಲ್ಲ. ಅವಳು ಬಂದರೆ ಗುಂಪು ಚದುರಬೇಕು, ಕೇಳಿದರೆ ‘ಏನಿಲ್ಲಪ್ಪ’ ಅನ್ನಬೇಕು. ‘ನನ್ನನ್ನು ಮರೆತೇ ಬಿಟ್ಟರು’ ಎಂದು ಅವಳಿಗೆ ಅನ್ನಿಸಬೇಕು. ‘ಬಾಯಾರಿಸಿ ನೀರು ಕೊಡಬೇಕು ಕಣ್ರೇ, ಆಗಲೇ ಅದು ನೀರು’ ಎಂದು ಸಡಗರದಕ್ಕ ಹೇಳಿಕೊಡುತ್ತಿದ್ದಳು. ಒಬ್ಬಿಬ್ಬರು ಬಚ್ಚಲಲ್ಲಿ ಕೂತು ಅತ್ತದ್ದೂ ಉಂಟು. ಶನಿವಾರ ಬಾಗಿಲು ತೆರೆದಾಗ ಅವರೇ ಎಲ್ಲರಿಗಿಂತ ಹೆಚ್ಚು ನಕ್ಕವರು.

ಸಡಗರದಕ್ಕನಿಗೆ ಮಾತ್ರ ಮಕ್ಕಳಾಗಲಿಲ್ಲ. ತಡವಾಗಿ ಮದುವೆಯಾದವಳು; ಗಂಡ ದೂರದೂರಕ್ಕೆ ಲಾರಿ ಓಡಿಸುವವನು. ನಲವತ್ತು ದಾಟಿದ ಮೇಲೆ ಇಬ್ಬರೂ ಆ ಮಾತನ್ನು ಅಟ್ಟದ ಮೇಲೆ ಹಾಕಿದ್ದರು. ಊರಿನ ಮದುವೆಗೆಲ್ಲ ಓಲಗ ಊದುವವನ ಮನೆಯಲ್ಲಿ ಮದುವೆಯಿಲ್ಲ ಎಂದು ಯಾರೋ ಹಿಂದಿನಿಂದ ಅಂದದ್ದನ್ನು ಅವಳು ಕೇಳಿಸಿಕೊಂಡಿದ್ದಳು, ಕೇಳದಂತೆ ಇದ್ದಳು. ಆಮೇಲೆ, ಯಾರೂ ನಂಬದ ಕಾಲದಲ್ಲಿ, ಹೊಟ್ಟೆಯಲ್ಲಿ ಮಗು ನಿಂತಿತು.

ಡಾಕ್ಟರಮ್ಮ ಹೌದು ಎಂದ ದಿನ ಗಂಡ ದೂರದ ಬಾಡಿಗೆಗೆ ಹೋಗಿದ್ದ. ಫೋನಿನಲ್ಲಿ ಹೇಳಬಹುದಿತ್ತು. ಹೇಳಲಿಲ್ಲ. ಬೇರೆಯವರ ಮುಖ ಅರಳುವುದನ್ನು ಅಷ್ಟು ಸಲ ನೋಡಿದವಳು ತನ್ನ ಗಂಡನ ಮುಖ ಅರಳುವುದನ್ನು ನೋಡದೆ ಬಿಡುತ್ತಾಳೆಯೇ? ಅವನು ಬರುವ ದಿನಕ್ಕೆಂದು ಒಂದು ಟವೆಲಿನಲ್ಲಿ ಪುಟ್ಟ ಮೊಲ ಮಾಡಿ, ಅವನ ತಟ್ಟೆಯ ಮೇಲೆ ಬೋರಲು ಪಾತ್ರೆ ಮುಚ್ಚಿ ಇಡುವುದೆಂದು ಲೆಕ್ಕ ಹಾಕಿದ್ದಳು. ಅವನು ಬರಲಿಲ್ಲ. ರಸ್ತೆಯ ಪಕ್ಕ ಲಾರಿ ನಿಲ್ಲಿಸಿ, ಸ್ಟೇರಿಂಗಿನ ಮೇಲೆ ತಲೆಯಿಟ್ಟು ಮಲಗಿದವನು ಹಾಗೇ ಹೋಗಿಬಿಟ್ಟಿದ್ದ. ಎದೆ ನಿಂತಿತ್ತು, ಇಂಜಿನ್ ಓಡುತ್ತಲೇ ಇತ್ತು ಎಂದು ಸುದ್ದಿ ತಂದವರು ಹೇಳಿದರು.

ಅವಳು ಕೆಲಸಕ್ಕೆ ವಾಪಸು ಬಂದಾಗ ಎಲ್ಲರೂ ಬಂದು ಕೈ ಹಿಡಿದುಕೊಂಡರು. ಆಮೇಲೆ ಹೊಟ್ಟೆ ಕಾಣತೊಡಗಿತು. ಆಗ ಯಾರಿಗೂ ಯಾವ ಮುಖ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಅಯ್ಯೋ ಅನ್ನಬೇಕೋ, ಅಬ್ಬ ಅನ್ನಬೇಕೋ? ಎರಡೂ ಬೇಡವೆಂದು ಸುಮ್ಮನಾದರು. ಅವಳು ಬಟ್ಟೆ ಬದಲಿಸುವ ಕೋಣೆಗೆ ಕಾಲಿಟ್ಟರೆ ಮಾತು ಕತ್ತರಿಸಿದಂತೆ ನಿಲ್ಲುತ್ತಿತ್ತು. ಇಸ್ತ್ರಿ ಯಂತ್ರದ ಹತ್ತಿರ ಕೀಚಲು ದನಿಯಲ್ಲಿ ದಿನವೆಲ್ಲ ಹಾಡುತ್ತಿದ್ದ ಹುಡುಗಿ, ಅವಳನ್ನು ಎಲ್ಲರೂ ಕರೆಯುವುದೇ ಕೀಚಲಿ ಎಂದು, ಇವಳನ್ನು ಕಂಡರೆ ಬಾಯಿ ಮುಚ್ಚುತ್ತಿದ್ದಳು. ಶೀಟಿನ ಆಚೆ ತುದಿ ಹಿಡಿಯುತ್ತಿದ್ದ ಹಳೆಯ ಜೋಡಿ ಉದ್ದಕ್ಕ, ಎತ್ತರದ ಹೆಂಗಸು, ಮೊದಲೆಲ್ಲ ತುದಿ ಸೇರಿಸುವಾಗ ಒಂದು ಪೋಲಿ ಮಾತು ಉದುರಿಸದೆ ಹಿಂದಕ್ಕೆ ಹೋದವಳಲ್ಲ. ಈಗ ಹತ್ತಿರ ಬಂದು ಬಟ್ಟೆ ಕೊಟ್ಟು ಕಣ್ಣು ತಗ್ಗಿಸಿ ಹೋಗುತ್ತಿದ್ದಳು.

ಬೇರೆ ಯಾರಾದರೂ ಆಗಿದ್ದರೆ ಇದನ್ನು ನೋಡಿ ಕುಗ್ಗಿ ಹೋಗುತ್ತಿದ್ದರು. ಸಡಗರದಕ್ಕನಿಗೆ ಒಳಗೊಳಗೇ ನಗು. ಮುನಿಸಿನ ತಿಂಗಳು, ಮತ್ತೇನು? ಸ್ವಲ್ಪ ಬೇಗ ಶುರು ಮಾಡಿದ್ದಾರೆ. ಇರಲಿ, ತನ್ನಂಥ ಪಳಗಿದ ಕಳ್ಳಿಯನ್ನು ಮೋಸಗೊಳಿಸುವುದು ಸುಲಭವೇ, ಹೆಚ್ಚು ದಿನ ಬೇಕಲ್ಲ. ಅವಳೂ ಗೊತ್ತಿಲ್ಲದವಳಂತೆ ನಟಿಸಿದಳು. ಊಟದ ಕೋಣೆಯಲ್ಲಿ ತನ್ನ ಮೇಜು ಖಾಲಿಯಾದರೆ ಖಾಲಿ ಮೇಜಿನಲ್ಲೇ ಕೂತು ಉಂಡಳು. ಒಂದು ದಿನ ಉದ್ದಕ್ಕ ತನ್ನನ್ನು ಕಂಡು ಏನನ್ನೋ ಚಟ್ಟನೆ ಏಪ್ರನ್ನಿನೊಳಗೆ ತುರುಕಿದಾಗ ಬೇಕೆಂದೇ ಗೋಡೆಯ ಕಡೆ ತಿರುಗಿದಳು. ‘ಇಷ್ಟು ದಡ್ಡತನದಿಂದ ಬಚ್ಚಿಟ್ಟರೆ ಬಸುರಿಗೆ ಗೊತ್ತಾಗದೆ ಇರುತ್ತದೆಯೇ, ನನಗೆ ಹೇಳಿದ್ದರೆ ಹೇಳಿಕೊಡುತ್ತಿದ್ದೆ’ ಎಂದು ಮನಸ್ಸಿನಲ್ಲೇ ಬೈದಳು.

ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವಳದು. ಸಂಜೆ ಹೋಗಿ ಬೀಗ ತೆಗೆದರೆ ಒಳಗೆ ಬೆಳಿಗ್ಗೆ ಬಿಟ್ಟುಹೋದ ಲೋಟ ಬಿಟ್ಟಲ್ಲೇ ಇರುತ್ತಿತ್ತು. ಮೊದಲು ಅದನ್ನು ಕಂಡರೆ ಬಾಗಿಲಲ್ಲೇ ನಿಂತುಬಿಡುತ್ತಿದ್ದಳು. ಗಂಡ ಇದ್ದಾಗ ಯಾವ ವಸ್ತುವೂ ಇಟ್ಟ ಜಾಗದಲ್ಲಿ ಇರುತ್ತಿರಲಿಲ್ಲ, ಅದಕ್ಕೇ ಜಗಳ. ಈ ತಿಂಗಳು ಆ ಲೋಟವನ್ನೂ ಲಕ್ಷಿಸದೆ ಕನ್ನಡಿಯ ಮುಂದೆ ನಿಂತು, ಬಾಗಿಲು ತೆರೆದಾಗ ಯಾವ ಮುಖ ಮಾಡಬೇಕೆಂದು ಅಭ್ಯಾಸ ಮಾಡಿದಳು. ತುಂಬ ಬಾಯಿ ಬಿಟ್ಟರೆ ನಾಟಕವೆಂದು ಗೊತ್ತಾಗುತ್ತದೆ. ಒಂದು ಕೈ ಎದೆಯ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ, ಅಷ್ಟು ಸಾಕು. ಆಮೇಲೆ ಕೋಣೆ ತುಂಬ ನಗು ಏಳುತ್ತದೆ. ಅವಳಿಗೆ ಬೇಕಾಗಿದ್ದುದು ಆ ನಗು. ಗಂಡ ಹೋದ ಮೇಲೆ ಅವಳ ಎದುರಿಗೆ ಯಾರೂ ನಕ್ಕಿರಲಿಲ್ಲ. ಮಗು ಅಂಥ ಪಿಸುಮಾತಿನೊಳಗೆ ಹುಟ್ಟಿ ಬಂದರೆ ಏನು ಗತಿ ಎಂಬುದೊಂದೇ ಅವಳ ಭಯ.

ಕೊನೆಯ ಶನಿವಾರ ಬಂತು. ಕೆಲಸ ಮುಗಿದ ಗಂಟೆ ಹೊಡೆದ ಮೇಲೆ ಅವಳು ಬೇಕೆಂದೇ ತಡಮಾಡಿದಳು. ಮುಖ ತೊಳೆದಳು, ಚೀಲದಲ್ಲಿ ತಂದಿದ್ದ ಒಳ್ಳೆಯ ಬಟ್ಟೆ ಉಟ್ಟಳು, ತಲೆ ಬಾಚಿದ್ದನ್ನೇ ಮತ್ತೆ ಬಾಚಿದಳು. ಯಾರೂ ಕಣ್ಣು ಮುಚ್ಚಿ ಕರೆದೊಯ್ಯಲು ಬರಲಿಲ್ಲ. ಹೊಸ ಪದ್ಧತಿ ಇರಬಹುದು. ಮಡಿಸುವ ಕೋಣೆಯ ತನಕ ಹೊಟ್ಟೆ ಹೊತ್ತು ನಿಧಾನವಾಗಿ ನಡೆದಳು. ಬಾಗಿಲ ಹಿಂದೆ ಒಂದು ಸದ್ದೂ ಇಲ್ಲ. ಭಲೆ, ಉಸಿರು ಬಿಗಿಹಿಡಿದಿದ್ದಾರೆ. ಒಂದು ಕೈ ಎದೆಯ ಮೇಲೆ ಇಟ್ಟುಕೊಂಡು ಬಾಗಿಲು ತಳ್ಳಿದಳು.

ದೀಪ ಆರಿತ್ತು. ಉದ್ದನೆಯ ಮೇಜಿನ ಮೇಲೆ ಸೋಮವಾರದ ಶೀಟುಗಳ ಅಟ್ಟಿ. ಅಷ್ಟೆ.

ದೀಪ ಹಾಕಿದಳು. ಅಟ್ಟಿಯ ಹಿಂದೆ ನೋಡಿದಳು, ಹೌದು, ನೋಡಿದಳು. ಊಟದ ಕೋಣೆಗೆ ಹೋದಳು. ಸಾಮಾನು ಕೋಣೆಯ ಬಾಗಿಲನ್ನೂ ಸ್ವಲ್ಪ ಸರಿಸಿದಳು. ಬಾಯ್ಲರಣ್ಣ ಕವಾಟ ತಿರುಗಿಸಿ ಹಬೆ ಬಿಡುತ್ತಿದ್ದವನು ತಿರುಗಿ ನೋಡಿದ.

‘ಏನಮ್ಮ, ಇನ್ನೂ ಹೋಗಿಲ್ವಾ? ಎಲ್ಲರೂ ಹೋಗಿ ಆಗ್ಲೇ ಎಷ್ಟು ಹೊತ್ತಾಯ್ತು.’

‘ಏನೋ ಮರೆತಿದ್ದೆ ಅಣ್ಣ. ತಗೊಂಡೆ.’

ಅವಳ ಕೈಯಲ್ಲಿ ಏನೂ ಇರಲಿಲ್ಲ. ಅವನು ಒಳ್ಳೆಯ ಬಟ್ಟೆಯನ್ನು ನೋಡಿದ, ಬಾಚಿದ ತಲೆಯನ್ನು ನೋಡಿದ, ಮತ್ತೆ ಕವಾಟದ ಕಡೆಗೆ ತಿರುಗಿದ.

ಭಾನುವಾರ ಇಡೀ ಬೆಳಿಗ್ಗೆ ಅವಳು ಹಾಸಿಗೆಯ ಅಂಚಿನಲ್ಲಿ ಕೂತಿದ್ದಳು. ಕೋಪ ಬಂದಿದ್ದರೆ ಚೆನ್ನಾಗಿತ್ತು. ಕೋಪಕ್ಕೆ ಜೊತೆಗಾರರು ಬೇಡ. ಇದು ಕೋಪವಲ್ಲ. ಮುನಿಸಿನ ತಿಂಗಳಲ್ಲಿ ಬಚ್ಚಲಲ್ಲಿ ಕೂತು ಅತ್ತ ಹುಡುಗಿಯರ ನೆನಪಾಯಿತು. ಅವರಿಗೆ ಕೊನೆಗೆ ಬಾಗಿಲು ತೆರೆದಿತ್ತು. ಮಧ್ಯಾಹ್ನದ ಹೊತ್ತಿಗೆ ಎದ್ದು ಉದ್ದಕ್ಕನ ಮನೆಗೆ ನಡೆದಳು.

ಬಾಗಿಲ ಹೊರಗಿನಿಂದಲೇ ಒಳಗಿನ ಗದ್ದಲ ಕೇಳುತ್ತಿತ್ತು. ಕೀಚಲಿಯೂ ಅಲ್ಲೇ ಇದ್ದಳು. ಉದ್ದಕ್ಕನ ಮೊಮ್ಮಗುವನ್ನು ಮೊಣಕಾಲ ಮೇಲೆ ಕುಣಿಸುತ್ತ ಹಾಡುತ್ತಿದ್ದಳು. ಸಡಗರದಕ್ಕನನ್ನು ಕಂಡದ್ದೇ ಹಾಡು ನಿಂತಿತು. ಉದ್ದಕ್ಕ ಗಡಬಡಿಸಿ ಕುರ್ಚಿ ಎಳೆದಳು.

‘ಬಾರೇ, ಕೂತ್ಕೋ. ಮೆಟ್ಟಿಲು ಹತ್ತಿ ಯಾಕೆ ಬಂದೆ? ಹೇಳಿದ್ರೆ ನಾನೇ ಬರ್ತಿದ್ನಲ್ಲ.’

‘ಹೇಳೋಕೆ ನೀವು ಯಾರಾದ್ರೂ ಮಾತಾಡ್ಸಿದ್ರೆ ತಾನೆ? ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳು. ನಿನ್ನೆ ನನಗೆ ಹೊಟ್ಟೆಹಬ್ಬ ಇರಲಿಲ್ವಾ?’

ಉದ್ದಕ್ಕ ಕೀಚಲಿಯ ಮುಖ ನೋಡಿದಳು, ಕೀಚಲಿ ನೆಲ ನೋಡಿದಳು.

‘ಹೊಟ್ಟೆಹಬ್ಬನಾ? ಅಲ್ವೇ, ನಿನ್ನ ಮನೇಲಿ ಇಂಥದ್ದು ಆಗಿರೋವಾಗ ತೋರಣ ಕಟ್ಟಿ ಕುಣಿಯೋದು ಹೇಗೆ? ನಮಗೇನು ಎದೆ ಇಲ್ವಾ?’

‘ಹಾಗಾದ್ರೆ ನಾನು ಬಂದ್ರೆ ಎಲ್ಲರೂ ಬಾಯಿ ಮುಚ್ಕೊಳ್ತಿದ್ರಲ್ಲ, ಅದು?’

‘ನಿನ್ನ ಮುಂದೆ ನಗಬಾರದು ಅಂತ. ನಗು ಬಂದ್ರೆ ಎಲ್ಲಿ ನಿನಗೆ ಚುಚ್ಚುತ್ತೋ ಅಂತ.’

‘ಏಪ್ರನ್ನಿನೊಳಗೆ ಬಚ್ಚಿಟ್ಯಲ್ಲ, ಅದು?’

‘ಇವನ ಫೋಟೋ.’ ಉದ್ದಕ್ಕ ಮೊಮ್ಮಗುವಿನ ಕಡೆ ಗಲ್ಲ ತೋರಿಸಿದಳು. ‘ಹಲ್ಲು ಬಂದಿತ್ತು, ತೋರಿಸ್ತಾ ಇದ್ದೆ. ನಿನಗೆ ತೋರಿಸೋಕೆ ಮನಸ್ಸಾಗಲಿಲ್ಲ. ಅಪ್ಪನ ತೊಡೆ ಮೇಲೆ ಕೂತಿರೋ ಫೋಟೋ ಅದು.’

ಸಡಗರದಕ್ಕ ಮೊಮ್ಮಗುವಿನ ಬಾಯಲ್ಲಿ ಆ ಹಲ್ಲನ್ನು ಹುಡುಕಿ ನೋಡಿದಳು. ‘ನಾನು ಅದನ್ನ ಮುನಿಸಿನ ತಿಂಗಳು ಅಂದ್ಕೊಂಡಿದ್ದೆ’ ಅಂದಳು ಕೊನೆಗೆ. ‘ದಿನಾ ಕನ್ನಡಿ ಮುಂದೆ ನಿಂತು ಮುಖ ಬೇರೆ ಕಲಿತಿದ್ದೆ.’

ಕೀಚಲಿಯ ಬಾಯಿಂದ ‘ಅಯ್ಯೋ ಅಕ್ಕ’ ಎಂಬುದಷ್ಟೇ ಬಂತು.

‘ಈಗ ಕೇಳ್ತಾ ಇದ್ದೀನಿ. ಮುಂದಿನ ಶನಿವಾರ ನನಗೆ ಹೊಟ್ಟೆಹಬ್ಬ ಮಾಡಿ. ರಜೆ ಒಂದು ವಾರ ಮುಂದೆ ಹಾಕಿಸ್ಕೋತೀನಿ.’

‘ಮಾಡೋದೇನೋ ಮಾಡ್ತೀವಿ’ ಎಂದು ಉದ್ದಕ್ಕ ಮೆಲ್ಲಗೆ ಅಂದಳು. ‘ಆದ್ರೆ ನಿನಗೆ ಗೊತ್ತಾಗಿಬಿಟ್ಟಿದ್ಯಲ್ಲ. ಬಸುರಿಗೆ ಗೊತ್ತಾದ್ರೆ ಅದು ಹೊಟ್ಟೆಹಬ್ಬಾನೇ ಅಲ್ಲ ಅಂತ ನೀನೇ ಹೇಳ್ತಿದ್ದೆ.’

‘ನಾನೇ ಹೇಳ್ತಿದ್ದೆ. ಅವರಿಗೂ ಗೊತ್ತಿರಲಿಲ್ಲ ಕಣೆ.’

‘ಯಾರಿಗೆ?’

‘ನಮ್ಮನೆಯವರಿಗೆ. ಮಗು ಆಗ್ತಿದೆ ಅಂತ. ಫೋನ್ ಮಾಡಿದ್ರು. ದನಿ ಬೇರೆ ಥರ ಇದ್ಯಲ್ಲ, ಏನು ಅಂದ್ರು. ಒಂದು ವಿಷಯ ಇದೆ, ಬನ್ನಿ ಅಂದೆ. ಒಳ್ಳೇದಾ ಕೆಟ್ಟದ್ದಾ ಅಂತ ಕೇಳಿದ್ರು. ಬನ್ನಿ ಅಂದ್ನಲ್ಲ ಅಂದೆ. ಅವರ ಮುಖ ನೋಡಬೇಕಿತ್ತು ನನಗೆ.’ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ‘ಒಳ್ಳೇದು ಅಂತಾದ್ರೂ ಹೇಳಬಹುದಿತ್ತು’ ಅಂದಳು.

ಮೊಮ್ಮಗು ಕೀಚಲಿಯ ಮೂಗು ಹಿಡಿದು ಎಳೆಯುತ್ತಿತ್ತು. ಉದ್ದಕ್ಕ ಚಹಾ ಇಡಲು ಎದ್ದಳು.

ಆ ವಾರ ನಡೆದದ್ದನ್ನು ಏನೆಂದು ಹೇಳಲಿ! ಲಾಂಡ್ರಿಯ ಹೆಂಗಸರಿಗೆ ಹೊಟ್ಟೆಹಬ್ಬದಲ್ಲಿ ತಿನ್ನುವುದು ಗೊತ್ತು, ನಗುವುದು ಗೊತ್ತು, ಮಾಡುವುದು ಗೊತ್ತಿಲ್ಲ; ಅದೆಲ್ಲ ಸಡಗರದಕ್ಕನ ಕೈಯಲ್ಲೇ ಇತ್ತು. ಒಬ್ಬೊಬ್ಬಳಾಗಿ ಬಸುರಿಯ ಹತ್ತಿರವೇ ಬಂದು ಪಿಸುಗುಟ್ಟಿದರು. ‘ಅಕ್ಕ, ಹಂಸಕ್ಕೆ ಕತ್ತು ನಿಲ್ತಾ ಇಲ್ಲ, ದೊಡ್ಡ ಟವೆಲ್ಲೋ ಚಿಕ್ಕದೋ?’ ‘ಅಕ್ಕ, ಕವರಿನ ತೋರಣಕ್ಕೆ ದಾರ ಎಲ್ಲಿಡ್ತಿದ್ರಿ?’ ‘ಆಟ ಏನಾಡೋದು ಅಕ್ಕ, ಕಣ್ಣು ಕಟ್ಟಿ ಟವೆಲ್ ಮಗುಗೆ ಬಟ್ಟೆ ಸುತ್ತೋದೇ ಸಾಕಾ?’ ಅವಳು ಒಂದೆರಡು ದಿನ ಹೇಳಿಕೊಟ್ಟಳು. ಹೇಳಿಕೊಡುವಾಗ, ತನ್ನ ಮನೆಯ ಕಳ್ಳತನಕ್ಕೆ ತಾನೇ ಬೀಗದ ಕೈ ಕೊಡುತ್ತಿರುವಂತೆ ಅನ್ನಿಸಿ ಬೇಜಾರಾಯಿತು. ಮೂರನೆಯ ಸಲ ಕೀಚಲಿ ಕೇಕಿನ ವಿಷಯ ಎತ್ತಿದಾಗ, ‘ನಾನು ಬಸುರಿ, ನನಗೇನೂ ಗೊತ್ತಿಲ್ಲಮ್ಮ’ ಎಂದು ಶೀಟು ಕೊಡವಿದಳು.

ಶನಿವಾರ ಅವಳ ಕಣ್ಣು ಮುಚ್ಚಿದವಳು ಉದ್ದಕ್ಕ. ಬಾಗಿಲು ತೆರೆಯಿತು, ಕೈ ಸರಿಯಿತು. ಕಲಿತ ಮುಖ ಅವಳಿಗೆ ನೆನಪಿಗೇ ಬರಲಿಲ್ಲ. ತೋರಣ ಒಂದು ಕಡೆ ಜೋತು ಬಿದ್ದಿತ್ತು. ಹಂಸಗಳು ಬಾತುಕೋಳಿಯಂತಿದ್ದವು. ಕೇಕಿನ ಒಂದು ಮಗ್ಗುಲು ಕರಿಹಿಡಿದಿತ್ತು. ಎಲ್ಲರೂ ಗೋಡೆಗಂಟಿ ನಿಂತು ಅವಳನ್ನೇ ನೋಡುತ್ತಿದ್ದರು, ಡಾಕ್ಟರಮ್ಮನ ಬಾಯಿಂದ ಮಾತು ಬೀಳುವುದನ್ನು ಕಾಯುವ ಮನೆಯವರ ಹಾಗೆ.

ಆಟ ಶುರುವಾಯಿತು. ಬಾಯ್ಲರಣ್ಣನಿಗೆ ಕಣ್ಣು ಕಟ್ಟಿ ಟವೆಲಿನ ಮಗು ಕೈಗಿಟ್ಟರು. ಅವನು ಬೆವರುತ್ತ, ತಡಕಾಡುತ್ತ, ಕಾಲಿಗೆ ಟೋಪಿ ಹಾಕಿ, ತಲೆಗೆ ಚಡ್ಡಿ ಹಾಕಿ, ಕೂಸನ್ನು ತಲೆಕೆಳಗಾಗಿ ಎದೆಗೊತ್ತಿಕೊಂಡು ಬೆನ್ನು ತಟ್ಟಿದ. ಬೇರೆ ಯಾವ ವರ್ಷವಾಗಿದ್ದರೂ ಛಾವಣಿ ಹಾರಿಹೋಗುತ್ತಿತ್ತು. ಈಗ ಒಬ್ಬರೂ ನಗಲಿಲ್ಲ. ನಗು ಗಂಟಲಿಗೆ ಬಂದವರೆಲ್ಲ ಮೊದಲು ಸಡಗರದಕ್ಕನ ಮುಖ ನೋಡಿದರು.

ಅವಳು ನಗಲು ನೋಡಿದಳು. ಆಗಲಿಲ್ಲ. ಬೆನ್ನು ತಟ್ಟುತ್ತಿದ್ದ ಆ ದೊಡ್ಡ ಕೈಯನ್ನೇ ನೋಡುತ್ತ ಕಣ್ಣು ತುಂಬಿತು. ಒರೆಸಿಕೊಂಡಳು, ಮತ್ತೆ ತುಂಬಿತು.

‘ನೋಡಿ’ ಅಂದಳು, ಮೂಗು ಸೊರ್ರೆಂದು ಎಳೆಯುತ್ತ. ‘ನಾನು ಅಳ್ತೀನಿ. ಇವತ್ತೂ ಅಳ್ತೀನಿ, ಹೆರೋವಾಗಲೂ ಅಳ್ತೀನಿ. ಅದನ್ನ ನೋಡ್ಕೊಂಡು ನೀವು ನಿಲ್ಲಬೇಡಿ. ನನಗೆ ಬಾರದಿದ್ರೆ ನೀವು ನಗಿ. ನನ್ನ ಪಾಲಿಂದೂ ಸೇರಿಸಿ ನಗಿ.’

ಹೇಳಿದ ತಕ್ಷಣ ನಗು ಬರುತ್ತದೆಯೇ, ನಲ್ಲಿ ತಿರುಗಿಸಿದ ಹಾಗೆ? ಕೋಣೆ ಹಾಗೇ ಇತ್ತು. ಕಣ್ಣು ಕಟ್ಟಿಕೊಂಡೇ ನಿಂತಿದ್ದ ಬಾಯ್ಲರಣ್ಣ, ‘ಯಾಕೆ, ಹೆಣ್ಣಾ ಗಂಡಾ, ಯಾರೂ ಹೇಳ್ತಿಲ್ಲ?’ ಎಂದು ಕೇಳಿದ. ಒಬ್ಬಿಬ್ಬರು ಮೂಗಿನಲ್ಲೇ ನಕ್ಕು ಸುಮ್ಮನಾದರು. ಕೇಕು ಕತ್ತರಿಸಿದರು, ತಿಂದರು. ಉಡುಗೊರೆಯೆಂದು ಒಗೆದು ಒಗೆದು ಮೆತ್ತಗಾದ ಬಟ್ಟೆಯಲ್ಲಿ ಹೊಲಿದ ಪುಟ್ಟ ಅಂಗಿಗಳನ್ನು ಅವಳ ಮಡಿಲಿಗೆ ಹಾಕಿದರು. ಹೆರಿಗೆಗೆ ಆಸ್ಪತ್ರೆಯಲ್ಲಿ ತಾನು ಜೊತೆಗಿರುತ್ತೇನೆಂದು ಉದ್ದಕ್ಕ ಅಂದಳು. ರಾತ್ರಿ ಮನೆಯಲ್ಲಿ ಜೊತೆಗೆ ಮಲಗಲು ಯಾರು ಎಂಬುದನ್ನು ಯಾರೂ ಎತ್ತಲಿಲ್ಲ, ಎಲ್ಲರಿಗೂ ಮನೆಯಿದೆ, ಮಕ್ಕಳಿದ್ದಾರೆ. ಅವಳೂ ಕೇಳಲಿಲ್ಲ.

ಮುಗಿದ ಮೇಲೆ ಅವಳು ತೋರಣ ಬಿಚ್ಚಲು ಎದ್ದರೆ ನಾಲ್ಕು ಕೈ ಬಂದು ಕೂರಿಸಿದವು. ಕೋಣೆಯ ನಡುವಿನ ಕುರ್ಚಿಯಲ್ಲಿ, ಮಡಿಲಲ್ಲಿ ಪುಟ್ಟ ಅಂಗಿಗಳ ರಾಶಿ ಇಟ್ಟುಕೊಂಡು ಅವಳು ಕೂತಳು. ಇಷ್ಟು ವರ್ಷ ಈ ಹೊತ್ತಿನಲ್ಲಿ ಅವಳು ಏಣಿಯ ಮೇಲಿರುತ್ತಿದ್ದಳು. ಕೈಗೆ ಏನು ಮಾಡಬೇಕೆಂದು ತಿಳಿಯಲಿಲ್ಲ.

ಹಿಂದಿನ ಮೂಲೆಯಲ್ಲಿ, ನೀರಿನ ತೊಟ್ಟಿಯ ಹತ್ತಿರ, ಕೀಚಲಿ ಮತ್ತು ಉದ್ದಕ್ಕ ಪಾತ್ರೆ ತೊಳೆಯುತ್ತ ಜಗಳಕ್ಕೆ ಬಿದ್ದಿದ್ದರು.

‘ಕೇಕು ಸೀದಿದ್ದು ನಿನ್ನಿಂದ. ಹಾಡ್ತಾ ನಿಂತಿದ್ದೆ.’

‘ನಾನು ಹಾಡಿದ್ರೆ ಕೇಕು ಸೀಯುತ್ತಾ?’

‘ನಿನ್ನ ದನಿ ಕೇಳಿದ್ರೆ ಹಾಲೇ ಒಡೆಯುತ್ತೆ, ಕೇಕು ಯಾವ ಲೆಕ್ಕ.’

ಕೀಚಲಿ ಕಿಸಕ್ಕೆಂದಳು. ಉದ್ದಕ್ಕನ ಕೈಯಿಂದ ತಟ್ಟೆ ಜಾರಿ ತೊಟ್ಟಿಗೆ ಬಿದ್ದು, ನೀರು ಇಬ್ಬರ ಮುಖಕ್ಕೂ ಎರಚಿತು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಒಬ್ಬರ ಹೆಗಲ ಮೇಲೊಬ್ಬರು ಬಿದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಇಬ್ಬರ ಬೆನ್ನೂ ಸಡಗರದಕ್ಕನ ಕಡೆಗಿತ್ತು. ಯಾರೂ ತಿರುಗಿ ಅವಳ ಮುಖ ನೋಡಲಿಲ್ಲ.

ಅವಳು ಕುರ್ಚಿಯನ್ನು ಆ ಸದ್ದಿನ ಕಡೆಗೆ ಸ್ವಲ್ಪ ಎಳೆದುಕೊಂಡು, ಮಡಿಲಿನ ಅಂಗಿಗಳನ್ನು ಒಂದೊಂದಾಗಿ ಮಡಿಸತೊಡಗಿದಳು.